ಹೂವಿನ ಅಂಗಡಿ ಹಾಕೋದು ಹೇಗೆ? ನೀವು ಕೇಳಿದ್ದು, ನಾನು ಕಂಡಿದ್ದು

ಪ್ರಶ್ನೆ: ಅಕ್ಕ, ನಾನು ಒಂಬತ್ತು ವರ್ಷದಿಂದ ನಮ್ಮೂರ ಬಸ್ ಸ್ಟ್ಯಾಂಡ್ ಹತ್ರ ಒಬ್ರ ಅಂಗಡೀಲಿ ಹೂ ಕಟ್ತಾ ಇದೀನಿ. ಹಾರ, ದಂಡೆ, ಮೊಗ್ಗಿನ ಜಡೆ ಎಲ್ಲಾ ಬರುತ್ತೆ. 60 ಸಾವಿರ ಕೂಡಿಟ್ಟಿದೀನಿ. ಸ್ವಂತ ಅಂಗಡಿ ಮಾಡೋ ಆಸೆ. ಒಂದು ಮಳಿಗೆ ನೋಡಿದೀವಿ, ಅಡ್ವಾನ್ಸೇ 50 ಸಾವಿರ ಕೇಳ್ತಿದಾರೆ. ನಮ್ಮನೆಯವ್ರು ಗ್ಲಾಸ್ ಬಾಗಿಲು ಹಾಕ್ಸಿ ಬೊಕೆ ಅಂಗಡಿ ಮಾಡೋಣ ಅಂತಾರೆ. ಏನ್ ಮಾಡ್ಲಿ? (ಹೆಸರು ಬೇಡ, ಕಡೂರು)

ಉತ್ತರ: ತಂಗಿ, ಆ 50 ಸಾವಿರ ಈಗ್ಲೇ ಕೊಡ್ಬೇಡ. ಯಾಕಂದ್ರೆ ಹೂವಿನ ವ್ಯಾಪಾರದಲ್ಲಿ ದುಡ್ಡು ಗೋಡೇಲಿರಬಾರ್ದು, ಕೈಲಿರ್ಬೇಕು. ಬೆಳಗಿನ ಜಾವ ಮಾರ್ಕೆಟ್ಟಲ್ಲಿ ಹೊಸಬರಿಗೆ ಯಾರೂ ಸಾಲ ಕೊಡಲ್ಲ, ಇವತ್ತು ತಂದ ಸೇವಂತಿಗೆ ನಾಳೆ ಅರ್ಧ ರೇಟು, ನಾಡಿದ್ದು ತಿಪ್ಪೆ. ಹತ್ತು ಸಾವಿರ ಇಟ್ಕೊಂಡು ಅಂಗಡಿ ಬಾಗಿಲು ತೆಗೆದ್ರೆ ಎರಡು ಸಲ ಮಾಲು ಬಾಡಿದ್ರೆ ಮುಗೀತು.

ಮೊದಲು ವರ್ತನೆ ಹಿಡಿ, ಅಂದ್ರೆ ಮನೆಮನೆಗೆ ದಿನಾ ಹೂ ಕೊಡೋ ಖಾಯಂ ಗಿರಾಕಿಗಳನ್ನ ಮಾಡ್ಕೋ. ಒಂಬತ್ತು ವರ್ಷ ಅಲ್ಲೇ ಕೂತು ಕಟ್ಟಿದೀಯ ಅಂದ್ರೆ ಯಾರ ಮನೆಗೆ ದಿನಾ ಹೂ ಬೇಕು, ಯಾರು ಶುಕ್ರವಾರ ಮಾತ್ರ ತಗೋತಾರೆ ಅಂತ ನಿಂಗೇ ಗೊತ್ತು. ಆದ್ರೆ ಈಗಿರೋ ಯಜಮಾನರ ಗಿರಾಕಿಗಳನ್ನ ಎಳ್ಕೋಬೇಡ, ಹೊಸ ಬಡಾವಣೆ ಕಡೆ ಹೋಗು, ಊರು ಚಿಕ್ಕದು, ನಾಳೆ ಹೂ ಸಾಲದೇ ಬಂದಾಗ ಅವ್ರ ಹತ್ರಾನೇ ಎರಡು ಕುಚ್ಚು ಕೇಳ್ಬೇಕಾಗುತ್ತೆ. ಲೆಕ್ಕ ನೋಡು, 40 ಮನೆ, ಮನೆಗೆ ದಿನಕ್ಕೆ 20 ರೂಪಾಯಿ ಹೂ ಅಂದ್ರೆ ದಿನಕ್ಕೆ 800, ತಿಂಗಳಿಗೆ 24 ಸಾವಿರದ ವ್ಯಾಪಾರ. ಅದು ಲಾಭ ಅಲ್ಲ, ಆದ್ರೆ ನಾಳೆ ಎಷ್ಟು ಹೂ ತರ್ಬೇಕು ಅಂತ ಇವತ್ತೇ ಗೊತ್ತಿರುತ್ತೆ. ತಂದಿದ್ದೆಲ್ಲಾ ಖರ್ಚಾಗೋದೇ ಇದ್ರಲ್ಲಿ ದೊಡ್ಡ ಲಾಭ.

ನಾನು ಇದನ್ನ ಕಲ್ತಿದ್ದು ಕಷ್ಟಪಟ್ಟು. ಶ್ರಾವಣದಲ್ಲಿ ಅಂಗಡಿ ಹಾಕ್ದೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂ ಎಷ್ಟು ತಂದ್ರೂ ಸಾಲ್ಲಿಲ್ಲ, ಗೌರಿ ಗಣೇಶನೂ ಚೆನ್ನಾಗೇ ಆಯ್ತು, ವರ್ಷ ಪೂರ್ತಿ ಹಿಂಗೇ ಇರುತ್ತೆ ಅಂದ್ಕೊಂಡೆ. ಆಮೇಲೆ ಪಿತೃಪಕ್ಷ ಬಂತು ನೋಡು, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಸಂಜೆವರೆಗೂ ಬುಟ್ಟಿ ತುಂಬಿದ ಹಾಗೇ ಇರ್ತಿತ್ತು. ಅದೇ ಟೈಮಲ್ಲಿ ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಬಂದ ಮೂರು ಮೂಟೆ ಸೇವಂತಿಗೇನ ಬಿಚ್ಚದೇ ಒಂಬತ್ತು ಗಂಟೆವರೆಗೂ ಹಾಗೇ ಬಿಟ್ಟಿದ್ದೆ, ಒಳಗೆ ಕೈ ಹಾಕಿದ್ರೆ ಒಲೆ ಥರ ಬಿಸಿ, ಎಸಳೆಲ್ಲಾ ಕಂದು ಬಣ್ಣ. ಹೂ ಕಿತ್ತ ಮೇಲೂ ಉಸಿರಾಡುತ್ತೆ, ಮೂಟೇಲಿ ಒತ್ತಿ ತುಂಬಿದ್ರೆ ಅದ್ರ ಶಾಖಕ್ಕೆ ಅದೇ ಬೇಯುತ್ತೆ. ಮೂಟೆ ಇಳಿದ ತಕ್ಷಣ ಬಿಚ್ಚಿ ನೆರಳಲ್ಲಿ ಒದ್ದೆ ಗೋಣಿಚೀಲದ ಮೇಲೆ ಹರಡ್ಬೇಕು, ಕಾಫಿ ಎಲ್ಲಾ ಆಮೇಲೆ. ಆವತ್ತು ನಾನು ಅಳ್ತಾ ಮೂರು ಮೂಟೇನೂ ಗೊಬ್ಬರದ ಗುಂಡಿಗೆ ಸುರಿದೆ.

ಅದಕ್ಕೇ ಪಂಚಾಂಗ ನೋಡ್ಕೊಂಡು ಶುರು ಮಾಡು. ಆಷಾಢ, ಪಿತೃಪಕ್ಷ, ಧನುರ್ಮಾಸ, ಈ ಮೂರರಲ್ಲೂ ಮದುವೆ ಆರ್ಡರ್ ಇರಲ್ಲ, ಪೂಜೆ ಹೂವೇ ಗತಿ. ಚಳೀಲಿ ಮಲ್ಲಿಗೆ ಕಮ್ಮಿ, ರೇಟು ಕೇಳಿದ್ರೆ ಗಾಬರಿ ಆಗುತ್ತೆ. ಆಗ ಮಲ್ಲಿಗೆ ಥರಾನೇ ಕಾಣೋ ಕಾಕಡ ಹೂ ಕಟ್ಟು, ಆದ್ರೆ ಇದು ಕಾಕಡ ಅಂತ ಹೇಳೇ ಕೊಡು. ಮೊಳ ಹಾಕೋವಾಗ ಕೈ ಬಿಗಿ ಹಿಡೀಬೇಡ, ಅರ್ಧ ಗೇಣು ಜಾಸ್ತಿ ಬಂದ ಮನೆ ಬೇರೆ ಕಡೆ ಹೋಗಲ್ಲ.

ಬೊಕೆ ವಿಷಯ. ನಿಮ್ಮೆಜಮಾನ್ರು ಹೇಳೋದು ತಪ್ಪಲ್ಲ, ಬರ್ತ್‌ಡೇ, ರಿಟೈರ್‌ಮೆಂಟ್, ಸನ್ಮಾನ ಎಲ್ಲಾ ಊರಲ್ಲೂ ಇವೆ. ಆದ್ರೆ ಜರ್ಬೆರಾ, ಗುಲಾಬಿ ಒಂದೊಂದು ಬಕೆಟ್ ಇಟ್ಕೊಂಡು ಆರ್ಡರ್ ಬಂದ್ಮೇಲೆ ಕಟ್ಟು, ಗ್ಲಾಸ್ ಬಾಗಿಲು ಬೇಡ. ಕಾಂಡದ ತುದಿ ದಿನಾ ಓರೆಯಾಗಿ ಕತ್ತರಿಸಿ ನೀರು ಬದಲಾಯಿಸು, ನೀರಲ್ಲಿ ಎಲೆ ಮುಳುಗ್ಬಾರ್ದು. ಪಕ್ಕದಲ್ಲಿ ಪೂಜೆಗೆ ಅಂತ ಮಾಗಿದ ಬಾಳೆಹಣ್ಣು ಇಡ್ಬೇಡ, ಹಣ್ಣಿಂದ ಬರೋ ಎಥಿಲೀನ್ ಗಾಳಿಗೆ ಹೂ ಬೇಗ ಮುದುಡುತ್ತೆ.

ನಿನ್ನ ಕಾಗದದಲ್ಲಿ ನಂಗೆ ತುಂಬಾ ಖುಷಿ ಆಗಿದ್ದು ಮೊಗ್ಗಿನ ಜಡೆ ಅನ್ನೋ ಎರಡು ಪದ. ಒಂದೊಂದೇ ಮೊಗ್ಗು ಪೋಣಿಸಿ ಹೊಲಿಯೋ ತಾಳ್ಮೆ ಇರೋರು ಈಗ ಎಷ್ಟು ಜನ ಇದಾರೆ ಹೇಳು? ಮೊಳದ ಹೂವಿಗೆ ಊರಲ್ಲಿ ಹತ್ತು ಜನ ಸಿಗ್ತಾರೆ, ಜಡೆಗೆ ನಿನ್ನನ್ನೇ ಹುಡುಕ್ಕೊಂಡು ಬರ್ತಾರೆ. ನೀನು ಕಟ್ಟಿದ ಜಡೆಗಳ ಫೋಟೋ ತೆಗ್ದಿಡು, ಬ್ಯೂಟಿ ಪಾರ್ಲರ್‌ನವ್ರಿಗೆ, ಛತ್ರದವ್ರಿಗೆ, ಪುರೋಹಿತರಿಗೆ ತೋರ್ಸು. ಅರ್ಧ ದುಡ್ಡು ಅಡ್ವಾನ್ಸ್ ತಗೊಳ್ದೇ ಮದುವೆ ಹೂ ಒಪ್ಕೋಬೇಡ, ನೆಂಟರಾದ್ರೂ ಸರಿ.

ಜಾಗಕ್ಕೆ ಸದ್ಯಕ್ಕೆ ಒಂದು ಟೇಬಲ್ಲೋ ತಳ್ಳುಗಾಡಿನೋ ಸಾಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಪುರಸಭೇಲಿ ಹೆಸರು ಬರೆಸಿ ಗುರುತಿನ ಚೀಟಿ ಮಾಡಿಸ್ಕೋ. ಅದಿದ್ರೆ ಪಿಎಂ ಸ್ವನಿಧಿ ಸಾಲಕ್ಕೆ ಅರ್ಜಿ ಹಾಕ್ಬಹುದು, ಮೊದಲನೇ ಕಂತು 15 ಸಾವಿರದವರೆಗೆ, ತೀರಿಸಿದ್ರೆ 25, ಆಮೇಲೆ 50. ಮಳಿಗೆ ಹಿಡಿಯೋ ಕಾಲ ಬಂದಾಗ ಮುದ್ರಾ ಯೋಜನೇಲಿ ‘ಶಿಶು’ ಅನ್ನೋ ಸಾಲ 50 ಸಾವಿರದವರೆಗೆ ಇದೆ, ಅಡಮಾನ ಬೇಡ, ಜೊತೆಗೆ ಟ್ರೇಡ್ ಲೈಸೆನ್ಸ್ ಮಾಡಿಸ್ಬೇಕು.

ಪ್ರಶ್ನೆ: ಫೋನ್‌ಪೇ ಸ್ಕ್ಯಾನರ್ ಇಟ್ರೆ ಜಿಎಸ್‌ಟಿ ನೋಟೀಸ್ ಬರುತ್ತೆ ಅಂತ ಹೆದರಿಸ್ತಿದಾರೆ, ತೆಗೆದುಬಿಡ್ಲಾ? (ಓದುಗರು, ರೋಣ)

ಉತ್ತರ: ತೆಗೀಬೇಡಿ. 2025ರಲ್ಲಿ ನಮ್ಮ ರಾಜ್ಯದಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟೀಸ್ ಬಂದಿದ್ದು ನಿಜ, ಆ ಹೆದರಿಕೆ ನಂಗೂ ಅರ್ಥ ಆಗುತ್ತೆ. ಆದ್ರೆ ತಾಜಾ ಹೂವಿಗೆ ಜಿಎಸ್‌ಟಿ ಇಲ್ಲ, ಬರೀ ಹೂ ಮಾರೋರು ರಿಜಿಸ್ಟರ್ ಆಗ್ಬೇಕಾಗಿಲ್ಲ. ಮಂಟಪ ಡೆಕೋರೇಷನ್ ಒಪ್ಕೊಂಡ್ರೆ ಮಾತ್ರ ಅದು ಸೇವೆ ಅಂತ ಆಗುತ್ತೆ, ಆಗ ಹೂವಿನ ವ್ಯಾಪಾರಾನೂ ಸೇರಿಸಿ ವರ್ಷಕ್ಕೆ 20 ಲಕ್ಷ ದಾಟಿದ್ರೆ ನೋಂದಣಿ ಬೇಕು. ಎರಡಕ್ಕೂ ಬೇರೆ ಬೇರೆ ಪುಸ್ತಕ ಇಡಿ, ದಿನಾ ರಾತ್ರಿ ಬರೀರಿ.

ಪ್ರಶ್ನೆ: ಉಳಿದ ಮಲ್ಲಿಗೆ ಮಾರನೇ ದಿನಕ್ಕೆ ಹೇಗೆ ಇಡೋದು?

ಉತ್ತರ: ಅರಳಿದ್ದು ಉಳಿಯಲ್ಲ, ಮೊಗ್ಗಾದ್ರೆ ಉಳಿಯುತ್ತೆ. ನೀರು ಚಿಮುಕಿಸದೇ ಬಾಳೆ ಎಲೇಲಿ ಸಡಿಲವಾಗಿ ಸುತ್ತಿ, ಮೇಲೊಂದು ಒದ್ದೆ ಬಟ್ಟೆ ಹಾಕಿ ಫ್ರಿಜ್‌ನ ಕೆಳಗಿನ ಖಾನೇಲಿಡಿ. ಫ್ರೀಜರ್‌ಗೆ ಹೋದ್ರೆ ಹೊರಗೆ ತೆಗೆದ ಮೇಲೆ ಕಪ್ಪಾಗುತ್ತೆ. ಅರಳಿಬಿಟ್ಟಿದ್ದನ್ನ ಸಂಜೇನೇ ಹತ್ತಿರದ ಗುಡಿಗೆ ಕೊಟ್ಬಿಡಿ, ನಾನು ದಿನಾ ಹಾಗೇ ಮಾಡೋದು.