ಬೇರೆ ಬೇರೆ ಕಟ್ಟಡ, ಒಂದೇ ಜಗಲಿ

ಪ್ರಶ್ನೆ: ಮುಂಬೈನಲ್ಲಿ ಸಿಎಸ್‌ಎಂಟಿ ಸ್ಟೇಷನ್ನಿಂದ ಫ್ಲೋರಾ ಫೌಂಟನ್ ತನಕ ನಡೆದೆವು. ಕಟ್ಟಡಗಳು ಒಂದೊಂದೂ ಒಂದೊಂದು ಥರ. ಆದರೆ ಕೆಳಗಿನ ಕಮಾನಿನ ಜಗಲಿ ಮಾತ್ರ ಸಾಲಾಗಿ ಮುಂದುವರಿಯುತ್ತದೆ. ಎಲ್ಲವನ್ನೂ ಒಬ್ಬರೇ ಕಟ್ಟಿಸಿದರಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲ. ನೀವು ನಡೆದದ್ದು ದಾದಾಭಾಯಿ ನೌರೋಜಿ ರಸ್ತೆಯಲ್ಲಿ. ಹಿಂದೆ ಅದು ಹಾರ್ನ್‌ಬಿ ರೋಡ್. ಕಟ್ಟಡಗಳ ಮಾಲೀಕರು ಬೇರೆ, ನಕ್ಷೆ ಬರೆದವರು ಬೇರೆ. ಜಗಲಿಯನ್ನು ಕೂಡಿಸಿದ್ದು ಒಂದು ಸರ್ಕಾರಿ ನಿಯಮ. ಮೇಲೆ ನಿಮ್ಮಿಷ್ಟದಂತೆ ಕಟ್ಟಿಕೊಳ್ಳಿ, ಕೆಳಗೆ ಮಾತ್ರ ಜನ ನಡೆಯಲು ಕಮಾನಿನ ದಾರಿ ಬಿಡಲೇಬೇಕು ಎಂದು 1896ರಲ್ಲಿ ಕಟ್ಟುನಿಟ್ಟು ಮಾಡಿದರು. ಅದಕ್ಕೇ ಚೂಪು ಕಮಾನುಗಳ ಗಾಥಿಕ್ ಶೈಲಿಯ ಮುಂಭಾಗದ ಪೆಟಿಟ್ ಲೈಬ್ರರಿ ಇರುವ ರಸ್ತೆಯಲ್ಲೇ ಗ್ರೀಕ್ ಕಂಬಗಳ ಶೈಲಿಯ ಕಟ್ಟಡಗಳೂ ಜಗಳವಿಲ್ಲದೆ ನಿಂತಿವೆ.

ಈ ರಸ್ತೆ ಅಗಲವಾಗಲು ಜಾಗ ಸಿಕ್ಕಿದ್ದು ಕೋಟೆಯ ಗೋಡೆ ಬಿದ್ದ ಮೇಲೆ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಅದನ್ನು ಕೆಡವಿಸಿದರು. ಆಗ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ಬಹುಮಟ್ಟಿಗೆ ನಿಂತು, ಅವರು ನಮ್ಮ ಹತ್ತಿ ಕೊಳ್ಳತೊಡಗಿದ್ದರಿಂದ ಬೊಂಬಾಯಿಗೆ ಹಣ ಹರಿಯಿತು. ನಿಮ್ಮ ಧಾರವಾಡ ಸೀಮೆಯ ಹತ್ತಿಯೂ ಕುಮಟಾ ಬಂದರಿನಿಂದ ಅಲ್ಲಿಗೇ ಹೋಗುತ್ತಿತ್ತು!

ನಾನು ಈ ರಸ್ತೆಯಿರುವ ಫೋರ್ಟ್ ಪ್ರದೇಶದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದವನು. ಜೂನ್ ತಿಂಗಳ ಆ ಹುಚ್ಚು ಮಳೆಯಲ್ಲೂ ಸ್ಟೇಷನ್ನಿನಿಂದ ಬರುವಾಗ ಅಡ್ಡರಸ್ತೆ ದಾಟಲಷ್ಟೇ ಕೊಡೆ ಬಿಚ್ಚುತ್ತಿದ್ದೆ. ಮೇಲೆ ವಕೀಲರ ಆಫೀಸು, ವಿಮಾ ಕಂಪನಿ. ಕೆಳಗೆ ಪೆನ್ನು, ವಾಚು, ಹಳೇ ಪುಸ್ತಕ ಮಾರುವವರು. ಫುಟ್‌ಪಾತ್ ವ್ಯಾಪಾರದಿಂದ ಕಟ್ಟಡದ ಅಂದ ಕೆಡುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವ್ಯಾಪಾರಕ್ಕೆಂದೇ ಕಟ್ಟಿದ ಬೀದಿ ಅದು. ನಡೆಯಲು ದಾರಿ ಬಿಟ್ಟರೆ ಸಾಕು.

ಅಂದ ಕೆಡಿಸಿದ್ದು ಬೋರ್ಡುಗಳು. ಒಂದು ಕಾಲಕ್ಕೆ ಕಮಾನುಗಳೇ ಕಾಣದಷ್ಟು ದೊಡ್ಡ ಬೋರ್ಡುಗಳನ್ನು ಹೊಡೆದಿದ್ದರು. 1995ರಲ್ಲಿ ಮುಂಬೈಗೆ ಪಾರಂಪರಿಕ ಕಟ್ಟಡಗಳ ನಿಯಮ ಬಂತು. ಆಮೇಲೆ ಆರ್ಕಿಟೆಕ್ಟ್ ಆಭಾ ನಾರಾಯಣ್ ಲಾಂಬಾ ಅಂಗಡಿಯವರ ಜೊತೆ ಕೂತು ಮಾತಾಡಿ, ಬೋರ್ಡುಗಳನ್ನು ಕಮಾನಿನ ಒಳಗೆ ಕೂರುವ ಅಳತೆಗೆ ತರಿಸಿದರು. ಆ ಕೆಲಸಕ್ಕೆ ಯುನೆಸ್ಕೋ ಪ್ರಶಸ್ತಿಯೂ ಬಂತು. ನನಗೆ ತುಂಬಾ ಮೆಚ್ಚುಗೆಯಾದದ್ದು ಇದೇ. ಅಂಗಡಿ ಮುಚ್ಚಿಸಲಿಲ್ಲ, ಬೀದಿಯನ್ನು ಮ್ಯೂಸಿಯಂ ಮಾಡಲಿಲ್ಲ. ನಮ್ಮ ಊರುಗಳ ಹಳೇ ಪೇಟೆ ಬೀದಿಗಳಲ್ಲೂ ಇಷ್ಟು ಮಾಡಬಹುದು ಅಲ್ವಾ?

ಮುಂದಿನ ಸಲ ಭಾನುವಾರ ಬೆಳಿಗ್ಗೆ ಹೋಗಿ. ಗದ್ದಲ ಕಡಿಮೆ ಇರುತ್ತದೆ. ಜಗಲಿಯಲ್ಲಿ ನಡೆದರೆ ಮೇಲಿನ ಮಹಡಿಗಳು ಕಾಣುವುದಿಲ್ಲ, ಎದುರು ಬದಿಯಲ್ಲಿ ನಿಂತು ನೋಡಿ.