ಐದರಲ್ಲಿ ಮೂರು: ಈ ಲೆಕ್ಕದಿಂದ ಲಾಭ ಆಗಿದ್ದು ಯಾರಿಗೆ?

ಪ್ರಶ್ನೆ: ಅಮೆರಿಕದ ಸಂವಿಧಾನದಲ್ಲಿ ಕಪ್ಪು ಜನರನ್ನ ಪೂರ್ತಿ ಮನುಷ್ಯ ಅಂತ ಒಪ್ಪದೆ ಐದರಲ್ಲಿ ಮೂರು ಭಾಗ ಅಂತ ಬರೆದಿದ್ರಂತೆ, ನಿಜಾನಾ? ಪೂರ್ತಿ ಒಬ್ಬ ಅಂತ ಎಣಿಸೋಕೆ ಅವರಿಗೇನು ಕಷ್ಟ ಆಗಿತ್ತು?
– ಓದುಗರು, ಹಾಸನ

ಉತ್ತರ: ವಾಟ್ಸಾಪ್‌ನಲ್ಲಿ ಓಡಾಡೋ ಈ ಮಾತು ಅರ್ಧ ನಿಜ. ಐದರಲ್ಲಿ ಮೂರು ಅನ್ನೋ ಲೆಕ್ಕ ಇದ್ದಿದ್ದು ಗುಲಾಮರಾಗಿದ್ದವರಿಗೆ ಮಾತ್ರ, ಸ್ವತಂತ್ರರಾಗಿದ್ದ ಕಪ್ಪು ಜನರನ್ನ ಪೂರ್ತಿಯಾಗೇ ಎಣಿಸ್ತಿದ್ರು. ಅದಕ್ಕಿಂತ ಮಜಾ ಅಂದ್ರೆ, ಪೂರ್ತಿ ಒಬ್ಬ ಅಂತ ಎಣಿಸಿ ಅಂತ ಪಟ್ಟು ಹಿಡಿದಿದ್ದೇ ಗುಲಾಮರ ಮಾಲೀಕರು!

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯೋಕೆ ಕೂತಾಗ ಸಂಸತ್ತಿನ ಕೆಳಮನೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನೋದು ಜನಸಂಖ್ಯೆ ಮೇಲೆ ಅಂತ ಆಯ್ತು, ಆಗ ಸೌತ್ ಕೆರೊಲೈನಾದ ಪಿಯರ್ಸ್ ಬಟ್ಲರ್, ಜನರಲ್ ಪಿಂಕ್ನಿ ಇವರೆಲ್ಲ ಎದ್ದು ನಮ್ಮ ಗುಲಾಮರನ್ನೂ ಬಿಳಿಯರ ಸಮಕ್ಕೆ ಎಣಿಸಿ ಅಂದ್ರು. ಅವರಿಗೆ ವೋಟು ಕೊಡ್ತಾರಾ? ಇಲ್ಲ. ಬರೀ ತಲೆ ಎಣಿಸೋಕೆ ಬೇಕು, ಸೀಟು ಮಾಲೀಕರಿಗೆ. ಮ್ಯಾಸಚೂಸೆಟ್ಸ್‌ನ ಎಲ್ಬ್ರಿಜ್ ಗೆರ್ರಿ ಸರಿಯಾಗೇ ತಿರುಗೇಟು ಕೊಟ್ರು, ಗುಲಾಮರು ನಿಮ್ಮ ಆಸ್ತಿ ಅಂತೀರಿ, ಹಾಗಾದ್ರೆ ಉತ್ತರದವರ ದನ ಕುದುರೆಗಳನ್ನೂ ಎಣಿಸಬೇಕಲ್ಲ ಅಂತ.

ಕೊನೆಗೆ ಐದರಲ್ಲಿ ಮೂರಕ್ಕೆ ರಾಜಿ ಆಯ್ತು, ಆದ್ರೆ ಆ ಸಂಖ್ಯೆ ಅವತ್ತು ಹುಟ್ಟಿದ್ದಲ್ಲ. 1783ರಲ್ಲಿ ಕೇಂದ್ರದ ಖರ್ಚನ್ನ ರಾಜ್ಯಗಳಿಗೆ ಜನಸಂಖ್ಯೆ ಪ್ರಕಾರ ಹಂಚೋ ಮಾತು ಬಂದಾಗಲೇ ಚೌಕಾಸಿ ಮಾಡಿ ಇದೇ ಸಂಖ್ಯೆಗೆ ಬಂದಿದ್ರು. ಆಗ ಇದೇ ದಕ್ಷಿಣದವರು (ಗುಲಾಮರು ಜಾಸ್ತಿ ಇದ್ದ ರಾಜ್ಯದವರು) ಗುಲಾಮರನ್ನ ಕಮ್ಮಿ ಎಣಿಸಿ ಅಂತಿದ್ರು, ಯಾಕಂದ್ರೆ ಜಾಸ್ತಿ ಎಣಿಸಿದ್ರೆ ಜಾಸ್ತಿ ದುಡ್ಡು ಕಟ್ಟಬೇಕು. ನಾಲ್ಕು ವರ್ಷದಲ್ಲಿ ಪ್ಲೇಟು ತಿರುಗಿಸಿಬಿಟ್ರು.

ಪರಿಣಾಮ ನೋಡ್ಬೇಕಾ, 1790ರ ಜನಗಣತಿ ತೆಗೀರಿ. ಗುಲಾಮರನ್ನ ಬಿಟ್ರೆ ವರ್ಜೀನಿಯಾದಲ್ಲಿ ಹತ್ತಿರಹತ್ತಿರ 4,55,000 ಜನ, ಪೆನ್ಸಿಲ್ವೇನಿಯಾದಲ್ಲಿ ಸುಮಾರು 4,30,000, ಅಂದ್ರೆ ಹೆಚ್ಚುಕಮ್ಮಿ ಸಮ. ಆದ್ರೆ ವರ್ಜೀನಿಯಾದಲ್ಲಿ 2,92,627 ಗುಲಾಮರಿದ್ರು, ಅದರ ಐದರಲ್ಲಿ ಮೂರು ಅಂದ್ರೆ 1,75,000 ಚಿಲ್ಲರೆ ತಲೆ ಲೆಕ್ಕಕ್ಕೆ ಸೇರ್ತು. ಸೀಟು ಹಂಚಿದಾಗ ಪೆನ್ಸಿಲ್ವೇನಿಯಾಗೆ 13, ವರ್ಜೀನಿಯಾಗೆ 19. ಆರು ಸೀಟು ಜಾಸ್ತಿ, ಬಹುತೇಕ ಎಲ್ಲ ವೋಟೇ ಇಲ್ಲದ ಗುಲಾಮರ ಲೆಕ್ಕದಲ್ಲಿ ಬಂದಿದ್ದು. ಅಧ್ಯಕ್ಷರನ್ನ ಆರಿಸೋ ಎಲೆಕ್ಟೋರಲ್ ವೋಟೂ ಈ ಸೀಟಿನ ಮೇಲೇ ನಿಂತಿರೋದ್ರಿಂದ ಅಲ್ಲೂ ಇದೇ ಕಥೆ. ಮೊದಲ 36 ವರ್ಷದಲ್ಲಿ 32 ವರ್ಷ ಅಧ್ಯಕ್ಷರಾಗಿದ್ದವರು ವರ್ಜೀನಿಯಾದವರೇ, ವಾಷಿಂಗ್ಟನ್‌ರಂಥವರ ವಿಷ್ಯ ಬೇರೆ ಬಿಡಿ, ಆದ್ರೆ 1800ರಲ್ಲಿ ಜೆಫರ್ಸನ್ 73–65ರಿಂದ ಜಾನ್ ಆಡಮ್ಸ್‌ನ ಹಿಂದೆ ಹಾಕಿದ್ದು ಈ ಲೆಕ್ಕದ ಬಲದಿಂದಾನೇ ಅಂತ ಹಲವು ಇತಿಹಾಸಕಾರರು ಹೇಳ್ತಾರೆ.

ಪ್ರಶ್ನೆ: ಗುಲಾಮರ ಆಮದನ್ನ 1808ರವರೆಗೆ ಮುಟ್ಟಬಾರದು ಅಂತ ಯಾಕೆ ಬರೆದ್ರು? ಆ ವರ್ಷದ್ದೇನು ವಿಶೇಷ?
– ಓದುಗರು, ಧಾರವಾಡ

ಉತ್ತರ: ವಿಶೇಷ ಏನೂ ಇಲ್ಲ, ಪಕ್ಕಾ ವ್ಯಾಪಾರ. ಸಮಿತಿ ಮೊದಲು 1800 ಅಂತ ಹೇಳಿತ್ತು, ಜನರಲ್ ಪಿಂಕ್ನಿ 1808 ಮಾಡಿ ಅಂದ್ರು, ಅದಕ್ಕೆ ಅನುಮೋದನೆ ಕೊಟ್ಟವರು ಯಾರು ಗೊತ್ತಾ, ಮ್ಯಾಸಚೂಸೆಟ್ಸ್‌ನ ಗೋರಮ್! ಉತ್ತರದವರಿಗೆ ಹಡಗು ವ್ಯಾಪಾರದ ಕಾನೂನುಗಳು ಸಾದಾ ಬಹುಮತದಲ್ಲಿ ಪಾಸಾಗಬೇಕಿತ್ತು, ದಕ್ಷಿಣದವರು ಮೂರನೇ ಎರಡು ಬಹುಮತ ಬೇಕು ಅಂತಿದ್ರು. ಆ ಪಟ್ಟನ್ನ ದಕ್ಷಿಣದವರು ಬಿಟ್ರು, 1808 ಅನ್ನೋದನ್ನ ಉತ್ತರದವರು ಒಪ್ಪಿದ್ರು. ವರ್ಜೀನಿಯಾದ ಜಾರ್ಜ್ ಮೇಸನ್ ಆಮದಿನ ವಿರುದ್ಧ ಕೆಂಡ ಕಾರಿದ್ರು, ಆದ್ರೆ ಅವರೂ ನೂರಾರು ಗುಲಾಮರ ಮಾಲೀಕರೇ, ಮತ್ತೆ ವರ್ಜೀನಿಯಾದಲ್ಲಿ ಆಗಲೇ ಬೇಕಾದಷ್ಟು ಗುಲಾಮರಿದ್ರು, ಹೊಸಬರು ಬರದಿದ್ರೆ ಇರೋರ ರೇಟು ಏರುತ್ತೆ ಅಂತ ಪಿಂಕ್ನಿ ಅಲ್ಲೇ ಚುಚ್ಚಿದ್ರು. ಗಡುವು ಹತ್ತಿರ ಬರ್ತಿದ್ದಂಗೆ 1803ರ ಕೊನೆಗೆ ಸೌತ್ ಕೆರೊಲೈನಾ ನಿಲ್ಲಿಸಿದ್ದ ಆಮದನ್ನ ಮತ್ತೆ ತೆರೀತು, ನಾಲ್ಕೇ ವರ್ಷದಲ್ಲಿ ಸುಮಾರು 40,000 ಆಫ್ರಿಕನ್ನರನ್ನ ತಂದು ಇಳಿಸಿದ್ರು.

ಪ್ರಶ್ನೆ: ಈ ರಾಜಿಗಳಿಂದ ಉತ್ತರ–ದಕ್ಷಿಣದ ಅಂತರ್ಯುದ್ಧ ಮುಂದಕ್ಕೆ ಹೋಯ್ತಲ್ಲ, ಅದು ಒಳ್ಳೇದೇ ಅಲ್ವಾ?
– ಓದುಗರು, ಮಂಗಳೂರು

ಉತ್ತರ: ಯಾರಿಗೆ ಒಳ್ಳೇದು ಅಂತ ಕೇಳ್ಕೋಬೇಕು. 1790ರಲ್ಲಿ ಸುಮಾರು ಏಳು ಲಕ್ಷ ಇದ್ದ ಗುಲಾಮರು 1860ರ ಹೊತ್ತಿಗೆ 39 ಲಕ್ಷ ದಾಟಿದ್ರು. ನನ್ನ ಪ್ರಕಾರ ಐದರಲ್ಲಿ ಮೂರು ಅನ್ನೋ ಮೊದಲನೇ ರಾಜಿ ಕೊಟ್ಟ ಸೀಟುಗಳೇ ಮುಂದಿನ ರಾಜಿಗಳನ್ನ ಗೆಲ್ಲಿಸಿದ್ವು. 1820ರಲ್ಲಿ ಮಿಸೌರಿ ರಾಜ್ಯ ಆಗೋವಾಗ ಅಲ್ಲಿ ಗುಲಾಮಗಿರಿಗೆ ತಡೆ ಹಾಕ್ಬೇಕು ಅನ್ನೋ ಷರತ್ತನ್ನ ಕೆಳಮನೆ ಕೈಬಿಟ್ಟಿದ್ದು 90–87ರಲ್ಲಿ, ಮೂರೇ ವೋಟಿನ ಅಂತರ! ದಕ್ಷಿಣದ ಆ ಎಕ್ಸ್‌ಟ್ರಾ ಸೀಟುಗಳು ಇಲ್ದೇ ಹೋಗಿದ್ರೆ ಷರತ್ತು ಕೈಬಿಡೋ ಆ ಪ್ರಸ್ತಾಪ ಬಿದ್ದು ಹೋಗ್ತಿತ್ತು. ಜೊತೆಗೆ ಮೇನ್ ಅನ್ನ ಗುಲಾಮಗಿರಿ ಇಲ್ಲದ ರಾಜ್ಯ ಮಾಡಿ ಎರಡೂ ಕಡೆ 12–12 ರಾಜ್ಯ ಅಂತ ಮೇಲ್ಮನೆ ಸೆನೆಟ್ಟಿನಲ್ಲಿ ಸಮ ಮಾಡಿದ್ರು, ಪಶ್ಚಿಮದ ಉಳಿದ ಜಾಗಕ್ಕೆ 36 ಡಿಗ್ರಿ 30 ಮಿನಿಟ್ ಅಕ್ಷಾಂಶದಲ್ಲಿ ಗೆರೆ ಎಳೆದ್ರು, ಅದರ ಉತ್ತರಕ್ಕೆ ಗುಲಾಮಗಿರಿ ಇಲ್ಲ ಅಂತ. 1854ರಲ್ಲಿ ಕಾಂಗ್ರೆಸ್ಸೇ (ಅಮೆರಿಕದ ಸಂಸತ್ತು) ಆ ಗೆರೆ ಅಳಿಸ್ತು.

ಇನ್ನು 1850ರ ರಾಜಿ. ಕ್ಯಾಲಿಫೋರ್ನಿಯಾ ಗುಲಾಮಗಿರಿ ಇಲ್ಲದ ರಾಜ್ಯ ಆಯ್ತು, ಬದಲಿಗೆ ಓಡಿಹೋದ ಗುಲಾಮರನ್ನ ಹಿಡಿಯೋಕೆ ಗಟ್ಟಿ ಕಾನೂನು ಬಂತು. ಸಿಕ್ಕಿಬಿದ್ದವನನ್ನ ವಿಚಾರಿಸೋ ಕಮಿಷನರ್ ಅವನನ್ನ ಮಾಲೀಕನಿಗೆ ಒಪ್ಪಿಸಿದ್ರೆ ಫೀಸು 10 ಡಾಲರ್, ಬಿಟ್ಟು ಕಳಿಸಿದ್ರೆ 5. ಕಾಗದ ಪತ್ರದ ಕೆಲಸ ಜಾಸ್ತಿ ಅಂತ ಸಬೂಬು. ಸಿಕ್ಕಿಬಿದ್ದವನಿಗೆ ತನ್ನ ಪರ ಸಾಕ್ಷಿ ಹೇಳೋ ಹಕ್ಕೂ ಇಲ್ಲ, ಜ್ಯೂರಿನೂ ಇಲ್ಲ. ಬೋಸ್ಟನ್‌ನಂಥ ಊರಲ್ಲಿ ತಮ್ಮ ಪಾಡಿಗೆ ತಾವಿದ್ದವರೂ ಕಣ್ಣೆದುರಿಗೇ ಇದನ್ನ ನೋಡಿ ರೊಚ್ಚಿಗೆದ್ರು. ಹನ್ನೊಂದು ವರ್ಷಕ್ಕೆ ಯುದ್ಧ ಬಂದೇ ಬಂತು.

ಪ್ರಶ್ನೆ: ಐದರಲ್ಲಿ ಮೂರು ಅನ್ನೋದನ್ನ ಯಾವಾಗ ತೆಗೆದ್ರು?
– ಓದುಗರು, ಮೈಸೂರು

ಉತ್ತರ: 1865ರಲ್ಲಿ 13ನೇ ತಿದ್ದುಪಡಿಯಿಂದ ಗುಲಾಮಗಿರಿ ಹೋಯ್ತು, 1868ರ 14ನೇ ತಿದ್ದುಪಡಿಯಲ್ಲಿ ಎಲ್ಲರನ್ನೂ ಪೂರ್ತಿ ಎಣಿಸಿ ಅಂತ ಬಂತು. ಅಂದ್ರೆ ಸೋತ ದಕ್ಷಿಣಕ್ಕೆ ಸೀಟು ಇನ್ನೂ ಜಾಸ್ತಿ! ಅದಕ್ಕೇ, ಯಾವ ರಾಜ್ಯ ಗಂಡಸರಿಗೆ ವೋಟು ತಪ್ಪಿಸುತ್ತೋ ಅದಕ್ಕೆ ಅಷ್ಟು ಸೀಟು ಕಟ್ ಅಂತಾನೂ ಸೇರಿಸಿದ್ರು. ಆಮೇಲೆ ದಕ್ಷಿಣದ ರಾಜ್ಯಗಳು ವೋಟಿಗೆ ತೆರಿಗೆ, ಓದೋ ಪರೀಕ್ಷೆ ಅಂತೆಲ್ಲ ಇಟ್ಟು ಕಪ್ಪು ಜನರ ವೋಟು ಕಿತ್ಕೊಂಡ್ವು, ತಲೆ ಮಾತ್ರ ಪೂರ್ತಿ ಎಣಿಸ್ಕೊಂಡ್ವು, ಆ ಕಲಂ ಪ್ರಕಾರ ಒಂದು ರಾಜ್ಯದ ಒಂದು ಸೀಟೂ ಯಾವತ್ತೂ ಕಟ್ ಆಗಿಲ್ಲ.