ಕಂಟ್ರಿಯಿಂದ ಬ್ಲೂಸ್‌ಗೆ: ಹೆಸರಿನ ಚಿಂತೆ ಬಿಡಿ, ಮಾತು ಕಡಿಮೆ ಮಾಡಿ

ಹದಿನೆಂಟು ವರ್ಷ ಕಂಟ್ರಿ ಹಾಡು (ಅಮೆರಿಕದ ಹಳ್ಳಿಗಾಡಿನ ಕಥೆ ಹಾಡು) ಬರೆದವರು ಬ್ಲೂಸ್ (ಅಲ್ಲಿನ ಕಪ್ಪು ಜನರ ನೋವಿನಿಂದ ಹುಟ್ಟಿದ ಹಾಡು) ಆಲ್ಬಮ್ ತಂದರೆ ಜನ ಒಪ್ಪುತ್ತಾರಾ, ಬೇರೆ ಹೆಸರಿನಲ್ಲಿ ತರಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರಾಗಬೇಡಿ. 2014ರಲ್ಲಿ ಇದೇ ಎರಡು ಪ್ರಶ್ನೆ ಹಿಡಿದುಕೊಂಡು ನಾನೂ ಆರು ತಿಂಗಳು ನಿದ್ದೆಗೆಟ್ಟಿದ್ದೆ. ಎರಡೂ ಕೆಲಸಕ್ಕೆ ಬಾರದ ಪ್ರಶ್ನೆಗಳು.

ನಾನು ಗದಗದ ಕಡೆಯವನು. ಅಮೆರಿಕದ ಕಂಟ್ರಿ ಸಂಗೀತದ ಊರು ನ್ಯಾಶ್‌ವಿಲ್‌ಗೆ ಬಂದದ್ದು ಆಸ್ಪತ್ರೆಗಳ ಸಾಫ್ಟ್‌ವೇರ್ ಕೆಲಸಕ್ಕೆ. ಅದನ್ನು ಬಿಟ್ಟು ಇಪ್ಪತ್ತು ವರ್ಷ ಕಂಟ್ರಿ ಹಾಡು ಬರೆದೆ. ಇಲ್ಲಿನ ಸಂಗೀತ ಕಂಪನಿಗಳ ಬೀದಿ ಮ್ಯೂಸಿಕ್ ರೋ, ಅದರ ಪದ್ಧತಿ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಹತ್ತಕ್ಕೆ ಪಬ್ಲಿಷರ್ ಆಫೀಸಿನ ಪುಟ್ಟ ಕೋಣೆಯಲ್ಲಿ ಇಬ್ಬರೋ ಮೂವರೋ ಕೂರುವುದು, ಸಂಜೆಯೊಳಗೆ ಒಂದು ಹಾಡು ಮುಗಿಸುವುದು. ಮೂರು ನಿಮಿಷದಲ್ಲಿ ಇಡೀ ಕಥೆ ಬರಬೇಕು. ಕೋರಸ್ಸಿನ, ಅಂದರೆ ಪಲ್ಲವಿಯ, ಕೊನೆ ಸಾಲಿಗೆ ಕೇಳುಗ ‘ಓಹೋ’ ಅನ್ನಬೇಕು. ಎಲ್ಲಾದರೂ ಎರಡು ಸೆಕೆಂಡ್ ಖಾಲಿ ಉಳಿದರೆ ನನಗೆ ಕೈ ತುರಿಸುತ್ತಿತ್ತು.

ಆ ತುರಿಕೆ ಇಟ್ಟುಕೊಂಡೇ ಬ್ಲೂಸ್ ಬರೆದೆ. ಎಡವಿದ್ದು ಅಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಖಂಡಿತ ಮಾಡುತ್ತೀರಿ.

ಬಾರ್ ಅಂದರೆ ತಾಳದ ಒಂದು ಸಣ್ಣ ಸುತ್ತು. ಹನ್ನೆರಡು ಬಾರ್‌ನ ಬ್ಲೂಸ್‌ನಲ್ಲಿ ಮೂರು ಸಾಲು. ಸಾಲಿಗೆ ನಾಲ್ಕು ಬಾರ್, ಬಾರ್‌ಗೆ ನಾಲ್ಕು ಎಣಿಕೆ. ಒಟ್ಟು 48. ಮೊದಲ ಸಾಲನ್ನೇ ಎರಡನೇ ಸಲವೂ ಹಾಡುತ್ತೇವೆ, ಮೂರನೆಯದು ಅದಕ್ಕೆ ಉತ್ತರ. ಇಷ್ಟು ನನಗೂ ಗೊತ್ತಿತ್ತು. ತಲೆಗೆ ಹೋಗದೆ ಇದ್ದದ್ದು ಇನ್ನೊಂದು. ನಾಲ್ಕು ಬಾರ್‌ನಲ್ಲಿ ಗಾಯಕನದು ಸುಮಾರು ಎರಡೇ. ಉಳಿದ ಎರಡು ಗಿಟಾರಿನದ್ದೋ ಹಾರ್ಮೋನಿಕಾದ್ದೋ. ಅಂದರೆ 48 ಎಣಿಕೆಯಲ್ಲಿ ಸುಮಾರು ಅರ್ಧ ನೀವು ಬಾಯಿ ಮುಚ್ಚಿಕೊಂಡಿರಬೇಕು! ನಾನು ಆ ಜಾಗವನ್ನೆಲ್ಲಾ ಖಾಲಿ ಸೈಟು ಅಂದುಕೊಂಡು ಮನೆ ಕಟ್ಟಿಬಿಟ್ಟೆ. ಹನ್ನೆರಡು ಬಾರ್‌ಗೆ ಮೂರರ ಬದಲು ಆರು ಸಾಲು. ಹೆಂಡತಿ ಬಿಟ್ಟುಹೋದ ಟ್ರಕ್ ಡ್ರೈವರ್, ಅವನ ಅಪ್ಪ, ಅಪ್ಪನ ಕೈಗಡಿಯಾರ, ಎಲ್ಲಾ ಒಂದೇ ಹಾಡಿನಲ್ಲಿ.

ಮೆಂಫಿಸ್‌ನಲ್ಲಿ ಎರಡು ದಿನಕ್ಕೆ ಒಂದು ಸ್ಟುಡಿಯೋ ಹಿಡಿದಿದ್ದೆ. ಮೊದಲ ಹಾಡು ಮುಗಿಯುತ್ತಲೇ ಗಿಟಾರ್ ನುಡಿಸುವ ಹಿರಿಯರು ಕೇಳಿದರು, ‘ನಾನು ಎಲ್ಲಿ ಮಾತಾಡಲಿ?’ ನಿಮ್ಮ ಸೋಲೋ (ಗಿಟಾರ್ ಒಂದೇ ನುಡಿಯುವ ಭಾಗ) ಆಮೇಲೆ ಬರುತ್ತೆ ಅಂದೆ. ಅವರು ಸುಮ್ನೆ ತಲೆಯಾಡಿಸಿದರು. ಹನ್ನೊಂದು ಹಾಡು, ಒಂಬತ್ತು ಸಾವಿರ ಡಾಲರ್. ಮನೆಗೆ ಬಂದು ಕೇಳಿದರೆ ಯಾರೋ ಅವಸರದಲ್ಲಿ ದಿನಪತ್ರಿಕೆ ಓದಿದ ಹಾಗಿತ್ತು.

ನಾಚಿಕೆ ಅಂದರೆ, ಇದು ನನಗೆ ಹುಟ್ಟಿನಿಂದಲೇ ಗೊತ್ತಿರಬೇಕಿತ್ತು. ನಮ್ಮೂರ ಜಾತ್ರೆಯಲ್ಲಿ ಗೀಗೀ ಪದ ಕೇಳಿ ಬೆಳೆದವನು ನಾನು. ಹಾಡುವವರು ಒಂದು ಮಾತು ಹೇಳಿ ನಿಲ್ಲುತ್ತಾರೆ, ಹಿಮ್ಮೇಳದವರು ‘ಗೀಯ ಗೀಯ’ ಅಂತ ಎತ್ತಿಕೊಳ್ಳುತ್ತಾರೆ. ಹಿಮ್ಮೇಳಕ್ಕೆ ಉಸಿರಾಡಲು ಬಿಡದ ಹಾಡುಗಾರನನ್ನು ನಮ್ಮೂರಲ್ಲಿ ಎರಡನೇ ಸಲ ಕರೆಯುತ್ತಿರಲಿಲ್ಲ.

ಇನ್ನು ಜನ ಒಪ್ಪುವ ಮಾತು. ಕಂಟ್ರಿಗೂ ಬ್ಲೂಸ್‌ಗೂ ನಡುವೆ ಗೋಡೆ ಕಟ್ಟಿದ್ದು ರೆಕಾರ್ಡ್ ಕಂಪನಿಗಳು. 1920ರ ದಶಕದಲ್ಲಿ ಕಪ್ಪು ಜನರ ಹಾಡಿಗೆ ಒಂದು ಪಟ್ಟಿ, ಬಿಳಿಯರ ಹಾಡಿಗೆ ಇನ್ನೊಂದು ಪಟ್ಟಿ ಮಾಡಿ ಮಾರಿದರು. ಹಾಡುವವರು ಗೋಡೆ ಹಾರುತ್ತಲೇ ಇದ್ದರು. ಕಂಟ್ರಿಯ ಅಪ್ಪ ಅನ್ನಿಸಿಕೊಂಡ ಜಿಮ್ಮಿ ರಾಡ್ಜರ್ಸ್ 1930ರಲ್ಲಿ ಹಾಡಿದ ಒಂದು ‘ಬ್ಲೂ ಯೋಡಲ್’ಗೆ ಟ್ರಂಪೆಟ್ ಊದಿದವರು ಕಪ್ಪು ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್. ಕಂಟ್ರಿಯ ದೊಡ್ಡ ಗಾಯಕ ಹ್ಯಾಂಕ್ ವಿಲಿಯಮ್ಸ್ ಹುಡುಗನಾಗಿದ್ದಾಗ ಕಲಿತದ್ದು ಅಲಬಾಮಾದ ಬೀದಿಗಳಲ್ಲಿ ಹಾಡುತ್ತಿದ್ದ ರೂಫಸ್ ಪೇನ್ ಎಂಬ ಕಪ್ಪು ಗಾಯಕನಿಂದ. ನ್ಯಾಶ್‌ವಿಲ್‌ನ ಕಂಟ್ರಿ ರೇಡಿಯೋ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ಮೊದಲ ದಿನಗಳ ತಾರೆ ಡಿಫೋರ್ಡ್ ಬೈಲಿ ಹಾರ್ಮೋನಿಕಾದಲ್ಲಿ ಬ್ಲೂಸ್ ನುಡಿಸುತ್ತಿದ್ದರು. ನೀವು ಎಲ್ಲಿಗೂ ವಲಸೆ ಹೋಗುತ್ತಿಲ್ಲ, ಹಿತ್ತಲ ಬಾಗಿಲು ತೆಗೆಯುತ್ತಿದ್ದೀರಿ ಅಷ್ಟೇ.

ಬೇರೆ ಹೆಸರು ಬೇಕೇ ಬೇಕೆಂದರೆ ಇಟ್ಟುಕೊಳ್ಳಿ. ಕಂಟ್ರಿ ಹಾಡುಗಳಿಗೆ ಹೆಸರಾದ ಗ್ಯಾರಿ ನಿಕಲ್ಸನ್ ತಮ್ಮ ಬ್ಲೂಸ್‌ಗೆ ವೈಟಿ ಜಾನ್ಸನ್ ಅಂತ ಹೆಸರಿಟ್ಟರು. 2019ರಲ್ಲಿ ಎರಡೂ ಹೆಸರಿನಲ್ಲಿ ಒಂದೊಂದು ಆಲ್ಬಮ್ ತಂದರು. ಅವರಿಗೆ ಒಪ್ಪಿತು. ಆದರೆ ಅವರ ಹಾಡು ನಿಂತಿರುವುದು ಹೆಸರಿನ ಮೇಲಲ್ಲ. ನನ್ನದು ಯಾವ ಹೆಸರಿಟ್ಟರೂ ಬೀಳುತ್ತಿತ್ತು.

ಇನ್ನೊಂದು, ದಯವಿಟ್ಟು ಹತ್ತಿ ಹೊಲ, ಜೈಲು, ಸರಪಳಿ ಅಂತೆಲ್ಲಾ ಬರೆಯಬೇಡಿ. ಆ ನೋವು ಪಟ್ಟವರು ಬೇರೆ. ನಿಮಗೆ ಮನೆ ಸಾಲ ಇದೆ, ಈ ವಯಸ್ಸಿಗೆ ಶುಗರ್ರೂ ಇರಬಹುದು. ಅದನ್ನೇ ಹಾಡಿ. 2017ರಲ್ಲಿ ನಾನು ಮನೆಯ ಹಾಲ್‌ನಲ್ಲೇ ಎರಡನೇ ಆಲ್ಬಮ್ ಮಾಡಿದೆ. ಅದರಲ್ಲಿ ಅಮ್ಮ ಫೋನಿನಲ್ಲಿ ‘ಊಟ ಆಯ್ತಾ’ ಅಂತ ಕೇಳುವ ಹಾಡಿಗೆ ಒಟ್ಟು ಏಳೇ ಸಾಲು. ಮೆಂಫಿಸ್‌ನ ಆ ಹಿರಿಯರನ್ನೇ ಮತ್ತೆ ಕರೆಸಿದ್ದೆ. ಮೊದಲ ಸಾಲು ಹಾಡಿ ನಿಲ್ಲಿಸಿದೆ. ಅವರು ಎರಡೇ ಸ್ವರ ನುಡಿಸಿದರು, ನನಗೆ ಎರಡನೇ ಸಾಲು ಹಾಡಲು ಗಂಟಲು ಬರಲಿಲ್ಲ.

ಮೊದಲ ಆಲ್ಬಮ್ಮಿನ ಸಿಡಿಗಳು ನಾಲ್ಕು ಡಬ್ಬ ತುಂಬ ಇನ್ನೂ ಗ್ಯಾರೇಜಿನಲ್ಲಿವೆ. ಬ್ಲೂಸ್ ಹೇಗೆ ಬರೆಯಬಾರದು ಅಂತ ಕೇಳಬೇಕಿದ್ದರೆ ಹೇಳಿ, ಕಳಿಸುತ್ತೇನೆ. ಅಂಚೆ ಖರ್ಚು ನಿಮ್ಮದು.